ಪುಟಕ್ಕೆ ಒಂದೇ ಸಾಲು

ಶಿಕಾರಿಪುರದ ಗುರುಮಲ್ಲಪ್ಪನ ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಉಜ್ಜಪ್ಪನಿಗೆ ಕಾಲು ಊನ, ಕೋಪ ಮೂಗಿನ ತುದಿಯಲ್ಲಿ. ಸಂತೆಯಲ್ಲಿ ಕುಂಟ ಎಂದವನ ಹಲ್ಲು ಉದುರಿಸಿ ಬಂದ ಆಸಾಮಿ. ಇಂಥವನ ಕೈಗೆ ೧೯೫೮ರಲ್ಲಿ ಸೊರಬದ ವಿಘ್ನೇಶ್ವರ ಮಾಸ್ತರರು ಒಂದು ಹಸ್ತಪ್ರತಿ ಕೊಟ್ಟರು. ಜಪಾನಿನ ಹಳೆಯ ಕತ್ತಿವರಸೆ ಗುರುವೊಬ್ಬನ ತತ್ವ. ಮಾಸ್ತರರೇ ಆರು ವರ್ಷ ಕೂತು ಇಂಗ್ಲಿಷಿನಿಂದ ಕನ್ನಡಕ್ಕೆ ತಂದದ್ದು.

“ಪುಟಕ್ಕೆ ಒಂದೇ ಸಾಲು ಸಾಕು ಮಾರಾಯ. ಉಳಿದದ್ದು ಖಾಲಿ ಬಿಡು. ಎತ್ತಿದ ಕತ್ತಿ ನಿಲ್ಲೋ ಜಾಗ ಅದು,” ಎಂದರು.

ಉಜ್ಜಪ್ಪನಿಗೆ ಹುಚ್ಚೇ ಹಿಡಿಯಿತು. ಸಾಲನ್ನು ಕೂದಲೆಳೆಯಷ್ಟು ಮೇಲೆ, ಕೆಳಗೆ ಸರಿಸುತ್ತ ತಿಂಗಳುಗಟ್ಟಲೆ ಹೆಣಗಿದ. ಇಷ್ಟು ಚಂದದ ಕೆಲಸ ಅವನ ಜನ್ಮದಲ್ಲಿ ಸಿಕ್ಕಿರಲಿಲ್ಲ. ಮೊದಲ ಎಂಟು ಪುಟ ಕಬ್ಬಿಣದ ಚೌಕಟ್ಟುಗಳಲ್ಲಿ ಬಿಗಿದು ಅಚ್ಚಿಗೆ ಸಿದ್ಧವಾದವು. ಛಾಪಖಾನೆಯ ದಪ್ಪ ಮೊಳೆಗಳೆಲ್ಲ ಅದರಲ್ಲೇ ಸಿಕ್ಕಿಕೊಂಡಿದ್ದವು.

ಒಂದು ಬೆಳಗ್ಗೆ ಬಂದು ನೋಡಿದರೆ ಗುರುಮಲ್ಲಪ್ಪ ಚೌಕಟ್ಟುಗಳನ್ನು ಬಿಚ್ಚಿ ನೆಲಕ್ಕೆ ಸುರಿದು, ಮೊಳೆಗಳನ್ನು ತುಳಿದುಕೊಂಡೇ ನಿಂತಿದ್ದ.

“ಖಾಲಿ ಹಾಳೆ ಮಾರಾಕೆ ನಾನು ಪ್ರೆಸ್ ಇಟ್ಟೀನೇನಲೇ? ನಾಳೆ ಲಗ್ನಪತ್ರಿಕೆ ಕೊಡಬೇಕು!”

“ಮೊಳೆ ಮೇಲಿಂದ ಕಾಲು ತೆಗೀರಿ.”

“ತೆಗೀದಿದ್ರೆ ಏನ್ ಮಾಡ್ತೀಯಲೇ, ಕುಂಟ?” ಎಂದು ಕೆನ್ನೆಗೆ ಬಾರಿಸಿದ.

ಉಜ್ಜಪ್ಪ ಮೊಳೆ ತಟ್ಟಿ ಸಮಮಾಡುವ ಮರದ ಕೊಡತಿ ಎತ್ತಿದ. ಹೊಡೆದು ಮೇಜಿಗೆ ಊರಿದ್ದ ಗುರುಮಲ್ಲಪ್ಪನ ಬಲಗೈ ಮೇಲೆ ಮೊದಲ ಏಟು. ಮೂಳೆ ಲಟಕ್ಕೆಂದಿತು. ಅವನು ಅಯ್ಯಪ್ಪೋ ಎಂದು ಕಿರುಚಿದರೂ ಬಿಡದೆ ಅದೇ ಕೈಗೆ ಇನ್ನೊಂದು, ಮತ್ತೊಂದು. ಮೊಳೆಗಳ ಮೇಲೆಲ್ಲ ರಕ್ತ. ಜನ ಬಂದು ಹಿಡಿದೆಳೆದ ಮೇಲೆಯೇ ನಿಂತದ್ದು.

ಆಗ ಹೊಳೆಯಿತು ಮೂರ್ಖನಿಗೆ. ಕಾಲಲ್ಲಿ ತುಳಿದು ಕೈಯಲ್ಲಿ ಹಾಳೆ ಕೊಡುವ ಅಚ್ಚಿನ ಮಷೀನನ್ನು ನಡೆಸುತ್ತಿದ್ದವನು ಗುರುಮಲ್ಲಪ್ಪ ಒಬ್ಬನೇ. ಪುಸ್ತಕ ಅಚ್ಚು ಹಾಕಬೇಕಿದ್ದ ಕೈಯನ್ನೇ ಜಜ್ಜಿದ್ದ!

ಪೊಲೀಸ್ ಠಾಣೆಗೆ ಬಂದ ಮಾಸ್ತರರು ಕಂಬಿಯಾಚೆ ನಿಂತು ಕೇಳಿದರು: “ಕತ್ತಿ ನಿಲ್ಲೋಕೆ ಅಷ್ಟು ಜಾಗ ಬಿಟ್ಟೆ. ಕೊಡತಿ ನಿಲ್ಲೋಕೆ ಎಲ್ಲಿ ಬಿಟ್ಟೆ ಉಜ್ಜಪ್ಪ?” ಅವನು ಮಗುವಿನ ಹಾಗೆ ಅತ್ತ.

ನಾಲ್ಕು ತಿಂಗಳ ಜೈಲು ಮುಗಿಸಿ ನೇರ ಛಾಪಖಾನೆಗೆ ಬಂದ.

“ಮಾಸ್ತರಿಗೆ ಆ ಎಂಟು ಪುಟ, ಒಂದೇ ಒಂದು ಪ್ರತಿ. ಮಷೀನ್ ಬೇಡ, ಕೈಯಲ್ಲೇ ತೆಗೀತೀನಿ.”

ಸೊಟ್ಟ ಕೈಯ ಗುರುಮಲ್ಲಪ್ಪ ಅವನನ್ನು ದುರುಗುಟ್ಟಿ ನೋಡಿ, ಮೊಳೆಪೆಟ್ಟಿಗೆಯನ್ನು ಗದ್ದದಿಂದಲೇ ತೋರಿಸಿದ.

ಉಜ್ಜಪ್ಪ ಪುಟಗಳನ್ನು ಮತ್ತೆ ಜೋಡಿಸಿದ. ಮಸಿ ಬಳಿದು, ಒದ್ದೆ ಹಾಳೆ ಹಾಸಿ, ಮೇಲೆ ಹಲಗೆಯಿಟ್ಟು ಅದೇ ಕೊಡತಿಯಿಂದ ಬಡಿಯತೊಡಗಿದ. ಏಳು ಪುಟ ಮೂಡಿದವು. ತಲೆಯೆತ್ತಿದಾಗ ಕಂಡಿತು: ಒಂದೊಂದು ಏಟಿಗೂ ಗುರುಮಲ್ಲಪ್ಪ ಬೆಚ್ಚಿ, ಸೊಟ್ಟ ಕೈಯನ್ನು ಎದೆಗೆ ಅವಚಿಕೊಳ್ಳುತ್ತಿದ್ದ.

ಎತ್ತಿದ ಕೊಡತಿಯನ್ನು ಉಜ್ಜಪ್ಪ ಮೆಲ್ಲಗೆ ಕೆಳಗಿಟ್ಟ. ಎಂಟನೆಯ ಪುಟವನ್ನು ಅಂಗೈಯಿಂದಲೇ ಒತ್ತಿದ. ಸಾಲು ಮಸುಕಾಗಿ ಬಂತು.