ಜೇನುಪೆಟ್ಟಿಗೆಗೆ ಮಡಿಲಕ್ಕಿ

ದಂಡಿನಶಿವರದ ನಮ್ಮ ತೆಂಗಿನ ತೋಟದಲ್ಲಿ ನಾನು ಜೇನು ಸಾಕುತ್ತಿದ್ದೆ. ಪಕ್ಕದ ಹೊಲದಲ್ಲಿ ಹೂಬಿಟ್ಟ ಅವರೆಗೆ ನನ್ನ ಗಂಡನ ಅಣ್ಣ ಬೆಳಗ್ಗೆಯೇ ಔಷಧಿ ಹೊಡೆಯುತ್ತಿದ್ದರು. "ಜೇನು ಗೂಡು ಸೇರಿದ ಮೇಲೆ ಸಂಜೆ ಹೊಡೀರಿ ಭಾವ" ಅಂದರೆ, "ನೊಣದ ಅಪ್ಪಣೆ ಕೇಳ್ಕೊಂಡು ಬೇಸಾಯ ಮಾಡ್ಬೇಕೇನಮ್ಮ?" ಅಂತ ನಗುತ್ತಿದ್ದರು.

ಒಂದು ದಿನ ಜೇನಿನ ಇಲಾಖೆಯವರೊಬ್ಬರು ಬಂದು ಪೆಟ್ಟಿಗೆ ತೆರೆದು ನೋಡಿದರು. "ಔಷಧಿ ಒಳಕ್ಕೆ ಬಂದಿದೆ ಕಣಮ್ಮ. ರಾಣಿ ಮೊಟ್ಟೆ ಇಡೋದೇ ನಿಂತಿದೆ. ಹಿಂಗೇ ಬಿಟ್ರೆ ಗೂಡು ಖಾಲಿಯಾಗುತ್ತೆ. ಹೊಸ ರಾಣಿ ತರಿಸಿ" ಅಂದರು.

ಪಕ್ಕದಲ್ಲಿದ್ದ ಅತ್ತೆ ಕೆರಳಿದರು. "ಮಕ್ಕಳಾಗ್ಲಿಲ್ಲ ಅಂತ ಇನ್ನೊಬ್ಬಳನ್ನ ತರೋದಾ? ನಿಮ್ಮನೇಲಿ ಹಂಗೇನಾ?" ಅವರು ಸೈಕಲ್ ಹತ್ತಿದವರು ತಿರುಗಿ ನೋಡಲಿಲ್ಲ. ಅತ್ತೆ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ರವಿಕೆ ಕಣದಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ ಇಟ್ಟು ಮಡಿಲು ತುಂಬಿದರು.

ಮರುದಿನ ಭಾವ ಪಂಪು ಹೊತ್ತು ಬಂದರು. "ಮಡಿಲು ತುಂಬಿದ ಹೆಣ್ಣಿನ ಮುಂದೆ ವಿಷ ಹೊಡೀತೀಯೇನ್ಲಾ? ಇಳಿಸ್ಲಾ!" ಎಂದು ಅತ್ತೆ ಗದರಿದರು. ಭಾವ ಪಂಪು ಇಳಿಸಿದರು.

ಔಷಧಿ ನಿಂತ ಮೇಲೆ ರಾಣಿ ಮತ್ತೆ ಮೊಟ್ಟೆ ಇಟ್ಟಿತು. ಅದೆಲ್ಲ ಮಡಿಲಕ್ಕಿಯ ಮಹಿಮೆ ಅಂತ ಅತ್ತೆ ಊರಿಗೆಲ್ಲ ಹೇಳಿದರು.

ಇದಕ್ಕೂ ಹಿಂದೆ ನಾನು ಬಸುರಿಯಾಗಿದ್ದಾಗ ಭಾವ ಅದೇ ಔಷಧಿಯನ್ನು ಅಡುಗೆಮನೆ ಬಾಗಿಲಲ್ಲೇ ಕಲಸುತ್ತಿದ್ದರು. ಆಗ ಅತ್ತೆ, "ಊಟಕ್ಕೆ ಮುಂಚೆ ಕೈ ತೊಳ್ಕೊಳ್ಳಪ್ಪ" ಅಂದಿದ್ದರು, ಅಷ್ಟೆ.