ಕಂಬದಿಂದ ಇಳಿದ ಗಾಜು

ನಾನು ಮದುವೆಯಾಗಿ ಮಧುಗಿರಿಗೆ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ನಮ್ಮ ಯಜಮಾನರು ಟೆಲಿಗ್ರಾಫ್ ಲೈನ್ ಇನ್ಸ್‌ಪೆಕ್ಟರ್. ಶಿರಾದಿಂದ ಮಧುಗಿರಿ, ಅಲ್ಲಿಂದ ಪಾವಗಡ ದಾಟಿ ವೈ.ಎನ್. ಹೊಸಕೋಟೆಯವರೆಗಿನ ತಂತಿ ಕಂಬಗಳು ಅವರ ಸುಪರ್ದಿಯಲ್ಲಿದ್ದವು. ಮನೆಯಲ್ಲಿ ಇದ್ದವರು ಮೂವರು: ಅವರು, ಅವರ ತಾಯಿ, ನಾನು.

ಆ ಮನೆಯಲ್ಲಿ ಎಲ್ಲಕ್ಕೂ ಹೊತ್ತು ಗೊತ್ತಿತ್ತು. ಪಾವಗಡದ ಮೊದಲ ಬಸ್ಸು ಹಾರ್ನ್ ಹೊಡೆಯುವ ಮೊದಲು ಅಂಗಳ ಗುಡಿಸಿ, ಒಲೆ ಹಚ್ಚಿ, ಅತ್ತೆಯ ಲಿಂಗಪೂಜೆಗೆ ಪತ್ರೆ, ನೀರು ಇಟ್ಟಿರಬೇಕು. ಯಜಮಾನರು ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಅಡುಗೆಮನೆಯ ಬಾಗಿಲಿಗೆ ಬಂದಾಗ ಕಾಫಿ ಲೋಟ ನನ್ನ ಕೈಯಲ್ಲಿರಬೇಕು. ಲೋಟ ನೆಲದ ಮೇಲಿದ್ದರೆ ತಪ್ಪು. ಇವತ್ತಿಗೂ ನನ್ನ ದಿನ ಅದೇ ಕ್ರಮದಲ್ಲಿ ನಡೆಯುತ್ತದೆ. ಮೊಮ್ಮಕ್ಕಳು ಮೆಚ್ಚಿಕೊಂಡು, ಅಜ್ಜಿ ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳುತ್ತಾರೆ. ಗಾಜಿನಿಂದ ಕಲಿತೆ.

ಆಗ ಹಳೆಯ ಲೈನಿನ ಗಾಜಿನ ಬುಡ್ಡಿಗಳನ್ನು ತೆಗೆದು ಬಿಳಿ ಪಿಂಗಾಣಿಯವನ್ನು ಕೂರಿಸುವ ಕೆಲಸ ನಡೆದಿತ್ತು. ಕಂಬದ ಅಡ್ಡಪಟ್ಟಿಯ ಮೇಲೆ ಕವುಚಿಟ್ಟ ಲೋಟದ ಹಾಗೆ ಕೂರುವ ದಪ್ಪ ಗಾಜು ಅದು. ಅದರ ಕೊರಳಿಗೆ ತಂತಿ ಬಿಗಿಯುತ್ತಾರೆ. ತೆಗೆದ ಬುಡ್ಡಿಯನ್ನು ಹಾಗೇ ಬಿಡುವಂತಿಲ್ಲ. ಕೆಲಸಕ್ಕೆ ಬಾರದೆಂದು ಕಂಡೆಮ್ ಆದ ಸಾಮಾನು ಮತ್ತೆ ಯಾರ ಕೈಗೂ ಸೇರಬಾರದೆಂದು, ಮೇಲಿನವರೊಬ್ಬರು ನೋಡುತ್ತಿರುವಾಗ ಅದನ್ನು ಒಡೆಯಬೇಕು. ಕಂಬದ ಬುಡದಲ್ಲಿ ಕಲ್ಲಿನ ಮೇಲಿಟ್ಟು ಸುತ್ತಿಗೆಯಲ್ಲಿ ಒಡೆಯುತ್ತಿದ್ದರು. ನೋಡುವ ಕೆಲಸ ನಮ್ಮ ಯಜಮಾನರದು.

ಮೊದಲ ಬುಡ್ಡಿಯನ್ನು ಅವರು ಒಡೆಸದೆ ಮನೆಗೆ ತಂದದ್ದು ಅತ್ತೆಗೆ ಬತ್ತಿ ಹೊಸೆಯುವಾಗ ನೀರು ಇಟ್ಟುಕೊಳ್ಳಲಿ ಎಂದು. ತಲೆಕೆಳಗು ಮಾಡಿದರೆ ಅದು ನೆಟ್ಟಗೆ ನಿಲ್ಲಲಿಲ್ಲ. ಅತ್ತೆ ಅದನ್ನು ತಳ್ಳಿದರು, ನಾನು ಎತ್ತಿ ಅಡುಗೆಮನೆಯ ಕಿಟಕಿಯಲ್ಲಿ ಇಟ್ಟೆ. ಬೆಳಗಿನ ಬಿಸಿಲು ಬಿದ್ದಾಗ ಮಸಿ ಹಿಡಿದ ಗೋಡೆಯ ಮೇಲೆ ಸೋಡಾ ಬಾಟಲಿಯ ಹಸಿರು ಹರಡಿತು. ಯಜಮಾನರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಮುಂದಿನ ವಾರ ಇನ್ನೊಂದು ತಂದರು. ನಾನು ಅದನ್ನು ಪ್ರೀತಿ ಎಂದುಕೊಂಡೆ.

ಕಿಟಕಿ ತುಂಬಿ ಹಲಗೆಯೊಂದು ಗೋಡೆಗೆ ಬಂತು. ಒಂದು ದಿನ ಕಾಫಿ ಲೋಟ ನೆಲದ ಮೇಲಿತ್ತು. ಅವರು ಗದರಲಿಲ್ಲ. ಚೀಲದಿಂದ ಸುತ್ತಿಗೆ ತೆಗೆದು, ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ನಿಂತು, ತಾಯಿಯನ್ನು ಕರೆದರು. ಆಮೇಲೆ ನನ್ನನ್ನು.

"ಒಂದು ತಗೊಂಬಾ. ಯಾವ್ದು ಅಂತ ನೀನೇ ಆರಿಸ್ಕೊ. ನಾನು ಆರಿಸ್ದೆ ಅಂತ ನಾಳೆ ಅನ್ಬಾರ್ದು ನೋಡು."

ಕಂಬದ ಬುಡದ ಪದ್ಧತಿಯೇ ಮನೆಗೆ ಬಂದಿತ್ತು. ಒಡೆಯುವವರು ಅವರು, ನೋಡುವವರು ಅತ್ತೆ, ಗುಡಿಸುವವಳು ನಾನು. ಒಡೆದ ಮೇಲೆ ಕೈ ತೊಳೆದು ಕಾಫಿ ಕುಡಿದು ಹೊರಟರು. ಅಂದಿನಿಂದ ತಪ್ಪಿಗೊಂದು ಗಾಜು ಎಂದಾಯಿತು. ನಾನು ಹೆಂಡತಿಯ ಮೈಮೇಲೆ ಒಂದು ದಿನವೂ ಕೈ ಮಾಡಿದವನಲ್ಲ ಎಂದು ಅವರು ಬೀದಿಯ ಜಗಲಿಯಲ್ಲಿ ಕೂತು ಹೇಳಿಕೊಳ್ಳುತ್ತಿದ್ದರು. ನಿಜ. ಅಕ್ಕಪಕ್ಕದ ಹೆಂಗಸರು ನನ್ನ ಪುಣ್ಯ ಎನ್ನುತ್ತಿದ್ದರು.

ಆರಿಸಬೇಕಾದದ್ದರಿಂದ ನಾನು ಗಾಜನ್ನು ಓದಲು ಕಲಿತೆ. ಎರಡು ಒಂದೇ ತರಹದವಿದ್ದರೆ ಒಂದು ಹೋದರೂ ನಷ್ಟ ಕಡಿಮೆ. ಆದರೆ ಒಂದೇ ತರಹದವು ಯಾವುವು? ನನ್ನ ತವರು ಕೊರಟಗೆರೆಯ ಹತ್ತಿರ, ಸಿದ್ದರಬೆಟ್ಟ ಕಾಣುವ ಊರು. ನಮ್ಮದು ಆಲೆಮನೆ ಇತ್ತು. ಬೆಲ್ಲದ ಅಚ್ಚಿನ ಹಲಗೆ ಸವೆದರೆ ಬೆಲ್ಲದ ಮೂಲೆ ಮೊಂಡಾಗುತ್ತದೆ, ಅಚ್ಚು ಸೀಳಿದ್ದರೆ ಆ ಸೀಳಿನ ಗೆರೆ ಒಂದೊಂದು ಬೆಲ್ಲದ ಮೇಲೂ ಅದೇ ಜಾಗದಲ್ಲಿ ಏಳುತ್ತದೆ. ಗಾಜೂ ಹಾಗೆಯೇ. ಕೆಲವದರಲ್ಲಿ ಅಚ್ಚಿನ ಎರಡು ಹೋಳು ಕೂಡಿದ ಗೆರೆ ನೆತ್ತಿಯನ್ನು ದಾಟುತ್ತಿತ್ತು, ಕೆಲವದರಲ್ಲಿ ಕೊರಳಿಗೇ ನಿಲ್ಲುತ್ತಿತ್ತು. ಕೆಲವದರ ಕೆಳಗಿನ ಅಂಚು ನುಣುಪು, ಕೆಲವದಕ್ಕೆ ರಾಗಿಕಾಳು ಪೋಣಿಸಿದಂತೆ ಸುತ್ತಲೂ ಗುಬುಟು. ಒಂದರ ಮೈಮೇಲೆ ಉಬ್ಬಿದ ಕಂಪನಿಯ ಅಕ್ಷರಗಳು ಚೂಪಾಗಿದ್ದರೆ, ಅದೇ ಅಚ್ಚು ಸವೆದ ಮೇಲೆ ಹುಯ್ದ ಇನ್ನೊಂದರಲ್ಲಿ ಅವು ಕರಗಿದ ಬೆಲ್ಲದ ಹಾಗೆ ಮಸುಕು. ಬಣ್ಣಗಳಲ್ಲಿ ಹಸಿರೇ ಹೆಚ್ಚು. ಆ ಹಸಿರಿನಲ್ಲೂ ಎಳೆಯ ಹುಣಸೆ ಚಿಗುರಿನದು ಬೇರೆ, ಕೆರೆಯ ನೀರಿನದು ಬೇರೆ. ತಿಳಿನೀಲಿ ಕೆಲವು. ಜೇನಿನ ಬಣ್ಣದ್ದು ಒಂದೇ ಒಂದು. ಶಿರಾದ ಗುಜರಿ ಸಾಬರ ಅಂಗಡಿಯಲ್ಲಿ ಬಿದ್ದಿದ್ದನ್ನು ಯಜಮಾನರೇ ಎತ್ತಿಕೊಂಡು ಬಂದಿದ್ದರು. ಸರ್ಕಾರದ ಮಾಲು ಎಂದು ಗದರಿಸಿ ತಂದೆ ಎಂದು ನಗುತ್ತಾ ಹೇಳಿದರು. ನನಗೆ ಇಷ್ಟವಾಗುವುದನ್ನು ಹುಡುಕಲು ಅವರು ಬಹಳ ಶ್ರಮ ಪಡುತ್ತಿದ್ದರು. ಇಷ್ಟವಿಲ್ಲದ್ದನ್ನು ಒಡೆದರೆ ಏನು ಪ್ರಯೋಜನ?

ಅತ್ತೆ ಇದನ್ನು ನನಗಿಂತ ಮೊದಲೇ ತಿಳಿದಿದ್ದರು. ಹಲಗೆಯ ಮುಂದೆ ನಾನು ನಿಂತರೆ ಬೆನ್ನ ಹಿಂದೆ ಬರುತ್ತಿದ್ದರು. "ನೋಡ್ಕಮ್ಮಿ, ಚೆಂದಾಗಿ ನೋಡ್ಕ. ಎಷ್ಟು ದಿನ ಇದ್ದಾವೋ."

ಹೊಸಕೋಟೆಯ ಈಚೆ, ಕಡಲೆಕಾಯಿ ಹೊಲಗಳ ನಡುವೆ, ಮರದ ನೆರಳೇ ಇಲ್ಲದ ಕಡೆಯ ಕಂಬದಿಂದ ನೇರಳೆ ಬಣ್ಣದ್ದು ಬಂತು. ಮೊದಲಿಗೆ ಅದು ಬಿಳಿ ಗಾಜೇ. ವರ್ಷಗಟ್ಟಲೆ ಬಿಸಿಲು ತಿಂದು ಬಣ್ಣ ಬಂದಿತ್ತು. ಪಡುವಲಿಗೆ ಮುಖ ಮಾಡಿದ್ದ ಮಗ್ಗುಲು ಕಡುನೇರಳೆ, ಇನ್ನೊಂದು ಮಗ್ಗುಲು ನೀರಿಗೆ ಒಂದು ಹನಿ ಶಾಯಿ ಬಿದ್ದಷ್ಟು. ನೆತ್ತಿಯೊಳಗೆ ಅಕ್ಕಿಕಾಳಿನಂಥ ಒಂದು ಗುಳ್ಳೆ. ಅಂಥದ್ದು ಇನ್ನೊಂದು ಸಿಗಲಿಲ್ಲ. ಹೊಲ ಕಾಯುವವರು ಕವಣೆ ಬೀಸಿ ಆ ಕಡೆಯ ಗಾಜನ್ನೆಲ್ಲ ಆಗಲೇ ಪುಡಿ ಮಾಡಿದ್ದರು. ಅಷ್ಟರಲ್ಲಿ ಲೈನಿನ ಕೆಲಸವೂ ಮುಗಿಯಿತು. ಎಲ್ಲ ಕಂಬಗಳ ಮೇಲೆ ಬಿಳಿ ಪಿಂಗಾಣಿ. ಇನ್ನು ಮೇಲೆ ಹಲಗೆಯಿಂದ ಹೋದದ್ದು ಹೋಯಿತು, ಬರುವುದು ಇಲ್ಲ.

ನಾನು ತಪ್ಪುವುದನ್ನು ನಿಲ್ಲಿಸಿದೆ. ಜ್ವರ ಬಂದರೂ ಲೋಟ ಕೈಯಲ್ಲೇ ಇರುತ್ತಿತ್ತು. ಮಗ ಹೊಟ್ಟೆಯಲ್ಲಿದ್ದಾಗ ವಾಂತಿ ಮಾಡಿಕೊಂಡು ಬಾಯಿ ತೊಳೆದು ಬಂದು ನಿಲ್ಲುತ್ತಿದ್ದೆ. ಹಲಗೆಯ ಮೇಲೆ ಉಳಿದವು ಹಾಗೇ ಉಳಿದವು. ಸೊಸೆ ಹದಕ್ಕೆ ಬಂದಳು ಎಂದು ಅತ್ತೆ ಬಂದವರಿಗೆ ಹೇಳಿದರು. ಆದರೆ ಅವರ ದನಿಯಲ್ಲಿ ಸಂತೋಷವಿರಲಿಲ್ಲ. ನೋಡುವ ಕೆಲಸ ಅವರಿಗೆ ತಪ್ಪಿಹೋಗಿತ್ತು.

ಆ ಹೊತ್ತಿಗೆ ಯಜಮಾನರ ಮೇಲಿನ ಸಾಹೇಬರು ಇನ್ಸ್‌ಪೆಕ್ಷನ್ನಿಗೆ ಬರುವವರಿದ್ದರು. ಇಂಥ ಹಳೆಯ ಸಾಮಾನಿನ ಮೇಲೆ ಅವರಿಗೆ ಆಸೆ ಎಂದು ಕೇಳಿ, ನೇರಳೆಯದನ್ನು ಕೊಡುತ್ತೇನೆಂದು ಯಜಮಾನರು ಮೊದಲೇ ಹೇಳಿ ಕಳಿಸಿದ್ದರು. ಬಡ್ತಿಯ ಮಾತು ನಡೆದಿತ್ತು. ನನ್ನನ್ನು ಯಾರೂ ಕೇಳಲಿಲ್ಲ.

ಸಾಹೇಬರು ಬರುವ ಹಿಂದಿನ ದಿನ ಹಾಲು ಒಡೆಯಿತು. ಹುಣಸೆಹುಳಿ ಕಿವುಚಿದ ಪಾತ್ರೆಯನ್ನು ತೊಳೆಯದೆ ಅದಕ್ಕೆ ಹಾಲು ಸುರಿದವರು ಅತ್ತೆ. ನಾನು ಕಂಡಿದ್ದೆ. ನಾನು ಕಂಡದ್ದು ಅವರಿಗೂ ಗೊತ್ತಿತ್ತು. ಯಜಮಾನರು ಸುತ್ತಿಗೆ ತೆಗೆದರು. ನಾನು ಅತ್ತೆಯ ಹೆಸರೆತ್ತದೆ ಹಲಗೆಯ ಹತ್ತಿರ ಹೋಗಿ ನೇರಳೆಯದನ್ನು ತಂದು ಕಲ್ಲಿನ ಮೇಲಿಟ್ಟೆ.

ಅವರು ಸುತ್ತಿಗೆ ಎತ್ತಲಿಲ್ಲ. "ಬೇರೆ ತಗೊಂಬಾ."

"ನೀನೇ ಆರಿಸ್ಕೊ ಅಂದಿದ್ರಿ. ಆರಿಸ್ಕೊಂಡೆ."

ಅವರು ತಾಯಿಯ ಕಡೆ ನೋಡಿದರು, ಆಕೆ ಬಿಡಿಸಿಯಾಳು ಎಂದು. ಅತ್ತೆಗೆ ಸಾಹೇಬರೂ ಬೇಕಿರಲಿಲ್ಲ, ಬಡ್ತಿಯೂ ಬೇಕಿರಲಿಲ್ಲ. ಎಷ್ಟೋ ತಿಂಗಳಿಂದ ಕಾದಿದ್ದರು.

"ಒಡಿಲಾ. ನೀನು ಆಡಿದ ಮಾತು ತಾನೆ? ಇವತ್ತು ಬುಟ್ಬುಟ್ರೆ ನಾಳೆ ನಿನ್ನ ತಲೆ ಮ್ಯಾಲೆ ಕುಂತ್ಕತಾಳೆ."

ಒಂದೇ ಏಟಿಗೆ ಅದು ಒಡೆಯಲಿಲ್ಲ. ಎರಡನೆಯದಕ್ಕೆ ಸೀಳಿತು. ಮೂರನೆಯ ಏಟು ಅಗತ್ಯವಿರಲಿಲ್ಲ, ಆದರೂ ಹೊಡೆದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಆ ಮನೆಯಲ್ಲಿ ನನಗೆ ಅಷ್ಟು ಸುಖ ಕೊಟ್ಟ ಗಳಿಗೆ ಇನ್ನೊಂದಿಲ್ಲ. ಆಮೇಲೆ ಗುಡಿಸಿದೆ.

ಮರುದಿನ ಸಾಹೇಬರು ಜೀಪಿನಲ್ಲಿ ಬಂದರು, ಊಟ ಮಾಡಿದರು, ಗಾಜು ಎಲ್ಲಿ ಎಂದರು. ಯಜಮಾನರು ತಲೆ ತಗ್ಗಿಸಿ, ಮನೆಯವಳು ಕೈಜಾರಿ ಬೀಳಿಸಿ ಒಡೆದುಬಿಟ್ಟಳು ಎಂದರು. ನಾನು ಮಜ್ಜಿಗೆ ಬಡಿಸುತ್ತಿದ್ದೆ. ಹೊರಗಿನ ಗಂಡಸರ ಮುಂದೆ ಬಾಯಿಬಿಡುವ ರೂಢಿ ನನಗಿರಲಿಲ್ಲ. ಆ ದಿನ ಬಿಟ್ಟೆ. ನಾನಲ್ಲ, ಅವರೇ ಒಡೆದದ್ದು ಎಂದೆ. ಏಕೆ ಒಡೆದರು, ಎಲ್ಲಿಟ್ಟು ಒಡೆಯುತ್ತಾರೆ, ಯಾರು ಆರಿಸುತ್ತಾರೆ, ಯಾರು ನೋಡುತ್ತಾರೆ, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ದೊಡ್ಡ ಮನುಷ್ಯರು, ಕೇಳಿದರೆ ಛೀ ಅಂದಾರು, ಅಷ್ಟಾದರೆ ಉಳಿದವು ಉಳಿದಾವು ಎಂದು ನನ್ನ ಲೆಕ್ಕ.

ಸಾಹೇಬರು ಬಟ್ಟಲನ್ನು ಕೆಳಗಿಟ್ಟು ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಭಲೇ ಕಣ್ರೀ ಇನ್ಸ್‌ಪೆಕ್ಟ್ರೇ. ಹೊಡೆಯೋ ಹಂಗಿಲ್ಲ, ಬಯ್ಯೋ ಹಂಗಿಲ್ಲ. ನಮ್ಮನೆಯವಳಿಗೆ ಯಾವ ಮದ್ದೂ ನಾಟಿಲ್ಲ, ಇದನ್ನ ನೋಡೋಣ."

ಹಲಗೆಯ ಮೇಲಿನವನ್ನೆಲ್ಲ ಜೀಪಿಗೆ ಹಾಕಿಸಲು ಹೇಳಿದರು. ಯಜಮಾನರ ಮುಖ ಅರಳಿತು. ಸಾಹೇಬರು ನನ್ನ ಕಡೆ ತಿರುಗಿ, ನೀವೇ ಕಟ್ಟಿಕೊಡಿ ತಾಯಿ, ಯಾವುದು ಹೆಂಗೆ ಅಂತ ನಿಮಗೇ ಗೊತ್ತು ಎಂದು ಮರ್ಯಾದೆಯಿಂದಲೇ ಹೇಳಿದರು.

ಬಿದಿರಿನ ಕುಕ್ಕೆಗೆ ಕಡಲೆಕಾಯಿ ಸಿಪ್ಪೆ ಹಾಸಿದೆ. ತಳದಲ್ಲಿ ಜೇನು ಬಣ್ಣದ್ದನ್ನು ಇಟ್ಟೆ. ಅದರ ಮೇಲೆ ನೀಲಿಯವು, ಆಮೇಲೆ ರಾಗಿಕಾಳಿನ ಅಂಚಿನವು, ಅಕ್ಷರ ಚೂಪಾಗಿದ್ದವು. ನಡುನಡುವೆ ಸಿಪ್ಪೆ ತುಂಬಿದೆ. ಎಲ್ಲಕ್ಕಿಂತ ಮೇಲೆ ಮಸುಕು ಅಕ್ಷರದ ಹಸಿರು ಬುಡ್ಡಿಗಳು, ಒಂದೇ ತರಹದವು, ಹೋದರೂ ಅಷ್ಟೇನೂ ನೋಯದವು. ಗೋಣಿ ಹೊದಿಸಿ ದಬ್ಬಣದಲ್ಲಿ ಹೊಲಿದೆ. ಜೀಪು ಶಿರಾ ರಸ್ತೆಯ ಕಡೆ ತಿರುಗಿತು. ನಾನು ಹಲಗೆ ಒರೆಸಿದೆ, ಅತ್ತೆ ಅದರ ಮೇಲೆ ಉಪ್ಪಿನಕಾಯಿ ಜಾಡಿ ಇಟ್ಟರು.

ಸಾಹೇಬರ ಹೆಂಡತಿಯನ್ನು ನಾನು ನೋಡಿದವಳಲ್ಲ. ಆರಿಸ್ಕೊ ಅಂದಾಗ ಮೇಲಿನಿಂದ ತೆಗೆಯುತ್ತಾ ಹೋಗು ಎಂದು ಆಕೆಗೆ ಹೇಳಿ ಕಳಿಸಲು ನನಗೆ ದಾರಿ ಇರಲಿಲ್ಲ.