ಮಗಳಿಗೆಂದು ಕೇಳಿದ ಮುಟಗಿ

ಬಿಬವೇವಾಡಿಯ ಮಾರ್ಕೆಟ್ಟಿನಲ್ಲಿ ತರಕಾರಿಯವರು ಮರಾಠಿಯಲ್ಲಿ ಕೂಗುತ್ತಿದ್ದರು. ಅದರ ನಡುವೆ ರೊಟ್ಟಿ ಬಡಿಯುವ ಸದ್ದು ಕೇಳಿ ನಿಂತೆ. ಪುಟ್ಟದೊಂದು ಖಾನಾವಳಿ. ಒಲೆಯ ಮುಂದೆ ಕೂತಿದ್ದ ಹೆಂಗಸು ವಿಜಯಪುರದ ಕಡೆಯವರು. ನನ್ನ ಮೊದಲ ಮಾತಿಗೇ ಕನ್ನಡಕ್ಕೆ ಬಂದರು.

"ಅಕ್ಕಾರ, ಒಂದು ಮುಟಗಿ ಮಾಡಿ ಕೊಡ್ತೀರೇನ್ರಿ?"

ಬಿಸಿ ಜೋಳದ ರೊಟ್ಟಿಯನ್ನು ಬೆಳ್ಳುಳ್ಳಿ, ಉಪ್ಪು, ಹಸಿಮೆಣಸಿನಕಾಯಿ ಹಾಕಿ ಕುಟ್ಟಿ, ಮುಷ್ಟಿಯಲ್ಲಿ ಹಿಚುಕಿದರೆ ಮುಟಗಿ. ಒಲೆಯ ಪಕ್ಕ ಕೂತ ಮಕ್ಕಳ ಕೈಗೆ ಬೀಳುವ ತಿನಿಸು. ಮೀಸೆ ಬಂದ ಮೇಲೆ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

"ಯಾರಿಗ್ರೀ?" ಎಂದರು. ಊಟಕ್ಕೆ ಕೂತವರು ತಲೆಯೆತ್ತಿ ನೋಡಿದರು.

"ಮಗಳಿಗ್ರಿ. ಸಣ್ಣಾಕಿ ಅದಾಳ."

ನನ್ನ ಮಗಳಿಗೆ ಇಪ್ಪತ್ತಾರು.

ಅವರು ಮೆಣಸಿನಕಾಯಿಯನ್ನು ಬದಿಗಿಟ್ಟು, ಒಂದು ಚಮಚ ತುಪ್ಪ ಹಾಕಿ, ಪುಟ್ಟದಾಗಿ ಹಿಚುಕಿ ಕಾಗದದಲ್ಲಿ ಸುತ್ತಿದರು. "ಭಾಳ ಬಿಸಿ ಅದ್ರಿ. ಊದಿ ಕೊಡ್ರಿ."

ತಿರುವಿನಲ್ಲಿ ನಿಂತಿದ್ದ ಟೆಂಪೊ ಮರೆಗೆ ಹೋಗಿ ಬಿಚ್ಚಿದೆ. ಮುಟಗಿಯ ಮೇಲೆ ನಾಲ್ಕು ಬೆರಳಿನ ಗುರುತು ಹಾಗೇ ಮೂಡಿತ್ತು. ನಾನೇ ಊದಿಕೊಂಡು ತಿಂದೆ. ಎಲ್ಲ ಸರಿಯಾಗಿತ್ತು, ಖಾರವೊಂದಿರಲಿಲ್ಲ. ಮೂಗು ಸೋರಿಸದ ಮುಟಗಿ ಅದೆಂಥ ಮುಟಗಿ?

ಎರಡೇ ನಿಮಿಷಕ್ಕೆ ಹಿಂದಿರುಗಿ ಖಾನಾವಳಿಯ ಬಾಗಿಲಲ್ಲಿ ನಿಂತೆ. ಆಕೆ ರೊಟ್ಟಿಯಿಂದ ಕಣ್ಣೆತ್ತದೆ, ಒಲೆಯ ಪಕ್ಕಕ್ಕೆ ಒಂದು ಮಣೆ ಸರಿಸಿದರು.

"ಕೂಡ್ರಿ. ಈ ಸಲ ಖಾರ ಹಾಕ್ತೀನಿ."